ಎಪ್ಪತ್ತು ಸೆಂಟಿನ ಉಂಗುರ

ಈಶಪ್ಪ ಸೂರತ್ತಿನಲ್ಲಿ ಎಂಟು ತಿಂಗಳು ಇದ್ದದ್ದು ನಿಜ. ಅಲ್ಲಿ ಅವನು ಒಂದು ಸೀರೆ ಗೋದಾಮಿನಲ್ಲಿ ಗಂಟುಗಳ ಮೇಲೆ ನಂಬರು ಬರೆಯುತ್ತಿದ್ದ. ಗೋದಾಮಿನ ಎದುರಿಗೆ ವಜ್ರ ಉಜ್ಜುವ ಕಾರ್ಖಾನೆಯಿತ್ತು. ಅಲ್ಲಿಯ ಕೆಲಸಗಾರರು ಮಧ್ಯಾಹ್ನ ಇವನು ಕುಡಿಯುವ ಅಂಗಡಿಯಲ್ಲೇ ಚಹಾ ಕುಡಿಯುತ್ತಿದ್ದರು. ವಜ್ರಕ್ಕೂ ಈಶಪ್ಪನಿಗೂ ಇದ್ದ ಸಂಬಂಧ ಇಷ್ಟೇ. ಆದರೆ ಜಹೀರಾಬಾದಿಗೆ ಮರಳಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಂಬಂಧ ಬೆಳೆದು ದೊಡ್ಡದಾಗಿತ್ತು. ಮೊದಲು ಅವನು 'ಹೀರಾ ಕಾರ್ಖಾನೆ ಎದುರಿಗೆ ಇದ್ದೆ' ಎನ್ನುತ್ತಿದ್ದ. ಆಮೇಲೆ 'ಹೀರಾ ಕಾರ್ಖಾನೆ ಹತ್ತಿರ' ಆಯಿತು. ಈಗ ಯಾರಾದರೂ ಕೇಳಿದರೆ, ಕೇಳದಿದ್ದರೂ, 'ನಾ ಹೀರಾ ಲೈನಿನ್ಯಾಗ ಇದ್ದಾವ' ಎಂದು ಸುರು ಮಾಡುತ್ತಿದ್ದ.

ನಾರಾಯಣಖೇಡದಲ್ಲಿದ್ದ ಅವನ ತಂಗಿ ಕೌಶಲ್ಯಾ ಇದನ್ನೆಲ್ಲ ನಂಬುತ್ತಿದ್ದಳು. ಗಂಡ ತೀರಿದ ಮೇಲೆ ಮಗನ ಶಾಲೆ, ಹೊಲದ ಕಾಗದ, ಕಂಗ್ಟಿಯಲ್ಲಿ ಮಗ ಶಿವಾಜಿ ಔಷಧದ ಅಂಗಡಿ ತೆರೆದದ್ದು, ಎಲ್ಲದಕ್ಕೂ ಅವಳು ಅಣ್ಣನ ಮಾತು ಕೇಳಿದ್ದಳು. ಅಣ್ಣ ಹೇಳಿದಂತೆ ನಡೆದು ಕೆಟ್ಟದ್ದೇನೂ ಆಗಿರಲಿಲ್ಲ. ಅದಕ್ಕೆ ಕಾರಣ, ಶಿವಾಜಿ ಮಾಮಾ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ತನಗೆ ಸರಿಕಂಡದ್ದನ್ನೇ ಮಾಡುತ್ತಿದ್ದದ್ದು. ಅದು ಕೌಶಲ್ಯಾಗೂ ಗೊತ್ತಿರಲಿಲ್ಲ, ಈಶಪ್ಪನಿಗಂತೂ ಗೊತ್ತೇ ಇರಲಿಲ್ಲ.

ಶಿವಾಜಿಗೆ ತಾಂಡೂರಿನ ಮನೀಷಾಳನ್ನು ಗೊತ್ತು ಮಾಡಿದಾಗ ಮಾತುಕತೆಗೆ ಬಂದವನು ಈಶಪ್ಪನೇ. ಮನೀಷಾಳ ತಂದೆ ತುಳಸಿರಾಮ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿ ಹೊಡೆಸುವವನು, ಮಾತು ಕಡಿಮೆ. ಕಲ್ಲು ಕೊಯ್ದು ಪಾಲಿಷ್ ಮಾಡುವ ಅವರ ಅಂಗಳವನ್ನು ನಡೆಸುವವಳು ಅವನ ಹೆಂಡತಿ ಧನಲಕ್ಷ್ಮಿ. ಖಣಿಯಿಂದ ಬಂದ ಪ್ರತಿ ಚಪ್ಪಡಿಯನ್ನು ಅವಳು ಬೆಳಗಿನ ಬಿಸಿಲಿಗೆ ನಿಲ್ಲಿಸಿ, ನೀರು ಸುರಿದು, ಗೆರೆ ಎಲ್ಲಿದೆ, ಬಣ್ಣ ಎಲ್ಲಿ ತಿರುಗಿದೆ, ಅಂಚು ಎಲ್ಲಿ ದಪ್ಪವಾಗಿದೆ ಎಂದು ನೋಡಿ ಬೇರೆ ಬೇರೆ ಒಟ್ಟುತ್ತಿದ್ದಳು. ಹೈದರಾಬಾದಿನ ಕಟ್ಟಡದವರು ಬಂದು, 'ಎಲ್ಲಾ ಒಂದೇ ಅಲ್ಲೇನಮ್ಮಾ' ಎಂದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಅವರಿಗೆ ಎಲ್ಲಕ್ಕಿಂತ ಕೆಟ್ಟ ಮಾಲಿದ್ದ ಮೂರನೇ ಒಟ್ಟಿಲಿನ ಕಲ್ಲನ್ನೇ ತೋರಿಸುತ್ತಿದ್ದಳು.

ಆ ದಿನ ಈಶಪ್ಪ ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತ. ಕಲ್ಲಿನ ಧೂಳು ಪ್ಯಾಂಟಿಗೆ ಹತ್ತದಂತೆ ಕಾಲು ಎತ್ತಿಟ್ಟುಕೊಂಡಿದ್ದ.

"ಹುಡುಗಗ ಉಂಗುರ ಹಾಕ್ತೀರಿ, ಅದು ಪದ್ಧತಿ ಅದ. ಆದ್ರ ಬರೇ ಬಂಗಾರದ್ದು ಬ್ಯಾಡ್ರಿ. ನಮ್ಮ ಮನಿತನಕ್ಕ ಹೀರಾ ಇರಬೇಕು. ಅರ್ಧ ಕ್ಯಾರೆಟ್ಟಿಗಿಂತ ಕಡಿಮಿ ನಡಿಯಂಗಿಲ್ಲ."

ತುಳಸಿರಾಮ ಹೆಂಡತಿಯ ಮುಖ ನೋಡಿದ. ಧನಲಕ್ಷ್ಮಿ ಕೇಳಿದಳು: "ಎಂಥಾ ಹೀರಾ ರೀ?"

"ಎಂಥಾ ಅಂದ್ರ? ಹೀರಾ ಅಂದ್ರ ಹೀರಾ."

"ಕಲ್ಲಿನ್ಯಾಗ ನೂರು ತರ ಇರ್ತಾವಲ್ರಿ."

ಈಶಪ್ಪ ನಕ್ಕ. "ಅಕ್ಕಾರ, ಇದು ಫರ್ಸಿ ಅಲ್ಲ. ಅದ್ರ ಚಿಂತಿ ನಿಮಗ ಬ್ಯಾಡ. ಆರಿಸಾಕ ನಾ ಬರ್ತೀನಿ. ನಾ ಆ ಲೈನಿನ್ಯಾಗ ಇದ್ದಾವ."

ಧನಲಕ್ಷ್ಮಿ ಆಗಲಿ ಎಂದಳು. ಮಗಳಿಗೆ ಹುಡುಗ ಹಿಡಿಸಿದ್ದ. ಅವನು ನೋಡಲು ಬಂದ ದಿನ ವರದಕ್ಷಿಣೆಯ ಮಾತೆತ್ತಿರಲಿಲ್ಲ, ಮನೀಷಾಳಿಗೆ ಮದುವೆಯ ಮೇಲೂ ಬಿ.ಎಡ್. ಮುಗಿಸು ಎಂದಿದ್ದ. ಅಂಥ ಹುಡುಗನಿಗೆ ಒಂದು ಒಳ್ಳೆಯ ಉಂಗುರ ಹಾಕಲು ಅವಳಿಗೆ ಬೇಸರವಿರಲಿಲ್ಲ. ಬೇಸರವಾದದ್ದು ಕಾಲೆತ್ತಿ ಕುಳಿತ ಆ ಮನುಷ್ಯನ ನಗುವಿಗೆ.

ಕಣ್ಣಿಂದ ನೋಡದ ಮಾಲನ್ನು ಧನಲಕ್ಷ್ಮಿ ಎಂದೂ ಕೊಂಡವಳಲ್ಲ. ಮರುವಾರ ಒಬ್ಬಳೇ ಬಸ್ಸು ಹತ್ತಿ ಜಹೀರಾಬಾದಿಗೆ ಹೋದಳು. ಮುಖ್ಯ ರಸ್ತೆಯಲ್ಲಿ ಹೊಸದಾಗಿ ತೆರೆದ ಎರಡಂತಸ್ತಿನ ಬಂಗಾರದ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನು ಅವಳ ಚಪ್ಪಲಿಗೆ ಹತ್ತಿದ ಬಿಳಿ ಧೂಳು ನೋಡಿ, ಕೇಳದೆಯೇ ಬೆಳ್ಳಿ ಸಾಮಾನು ಎಡಗಡೆ ಎಂದು ಕೈ ತೋರಿಸಿದ. ಅವಳು ಬಲಗಡೆಯ ಮೆಟ್ಟಿಲು ಹತ್ತಿ ಮೇಲೆ ಹೋದಳು.

ಮೇಲಿನ ವಜ್ರದ ಕೌಂಟರಿನಲ್ಲಿ ಸ್ವರೂಪಾ ಎಂಬ ಹುಡುಗಿಯಿದ್ದಳು. ಬೊಮ್ರಾಸಪೇಟದವಳು, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅವಳು ಮೊದಲು ಅಂಗಡಿಯವರು ಕಲಿಸಿದ ಮಾತನ್ನೇ ಹೇಳಿದಳು: ಹೊಸ ಡಿಸೈನು, ವಿಶೇಷ ರಿಯಾಯಿತಿ, ಜನ್ಮಜನ್ಮಾಂತರದ ಬಂಧ. ಧನಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡು, "ಮಗಾ, ಇವೆಲ್ಲಾ ಈ ದೀಪದ ಕೆಳಗ ಒಂದೇ ತರ ಹೊಳಿತಾವ. ಒಂದು ಛಲೋದು, ಒಂದು ಕೆಟ್ಟದ್ದು, ಎರಡೂ ಕಿಡಕಿ ಹತ್ತಿರ ಇಟ್ಟು ತೋರ್ಸು. ಕೊಳ್ಳಾಕ ಆಮ್ಯಾಲ ಬರ್ತೀನಿ, ಇವತ್ತು ತಿಳ್ಕೊಳಾಕ ಬಂದೀನಿ" ಎಂದಳು.

ಸ್ವರೂಪಾ ಸುತ್ತ ನೋಡಿದಳು. ಮಾಲೀಕ ಕೆಳಗಿದ್ದ. ಮೂರು ವರ್ಷದಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ. ಬಂದವರೆಲ್ಲ ಕೇಳುತ್ತಿದ್ದದ್ದು ಎಷ್ಟು ದೊಡ್ಡದಿದೆ, ಎಷ್ಟು ಬಿಡುತ್ತೀರಿ ಎಂದಷ್ಟೆ. ಅವಳು ಉಂಗುರಕ್ಕೆ ಕೂರಿಸದ ಎರಡು ಬಿಡಿ ಹರಳು ತಂದು, ಮಡಿಸಿದ ಬಿಳಿ ಕಾಗದದ ಗೆರೆಯಲ್ಲಿ ತಲೆಕೆಳಗಾಗಿ ಇಟ್ಟಳು.

"ಕಲರ್ ನೋಡಾಕ ಹಿಂಗ ಬೋರಲ ಇಡಬೇಕ್ರಿ. ಮ್ಯಾಲಿಂದ ನೋಡಿದ್ರ ಹೊಳಪು ಕಣ್ಣು ಕಟ್ತದ."

ತಲೆಕೆಳಗಾದಾಗ ಒಂದು ಹರಳು ನೀರಿನಂತೆ ಕಂಡಿತು. ಇನ್ನೊಂದರ ಒಳಗೆ ತೆಳು ಚಹಾದ ಬಣ್ಣವಿತ್ತು. ಬಣ್ಣವೇ ಇಲ್ಲದ್ದಕ್ಕೆ ಡಿ ಎಂಬ ಅಕ್ಷರ, ಹಳದಿ ಹೆಚ್ಚಾದಂತೆ ಕೆಳಗೆ ಕೆಳಗೆ ಜೆಡ್‌ವರೆಗೂ ಹೋಗುತ್ತದೆ ಎಂದು ಸ್ವರೂಪಾ ಹೇಳಿದಳು.

"ಡಿ ಇಂದ ಯಾಕ? ಎ, ಬಿ, ಸಿ ಎಲ್ಲಿ ಹೋದ್ವು?"

"ಮೊದ್ಲು ವ್ಯಾಪಾರದವ್ರು ಎಲ್ಲಾ ಮಾಲಿಗೂ ಎ ಅಂತಿದ್ರಂತ್ರಿ. ಯಾರದ್ದು ಖರೇ ಎ ಅಂತ ತಿಳಿಲಾರದಂಗ ಆತು. ಅದಕ್ಕ ಅವನ್ನ ಬಿಟ್ಟು ಹೊಸದಾಗಿ ಡಿ ಇಂದ ಸುರು ಮಾಡಿದ್ರು."

ಧನಲಕ್ಷ್ಮಿ ಮೊದಲ ಸಲ ನಕ್ಕಳು. ತಾಂಡೂರಿನಲ್ಲೂ ಪ್ರತಿ ಅಂಗಳದ ಬೋರ್ಡಿನ ಮೇಲೂ 'ಫಸ್ಟ್ ಕ್ವಾಲಿಟಿ' ಎಂದೇ ಬರೆದಿತ್ತು.

ಆಮೇಲೆ ಸ್ವರೂಪಾ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಸಣ್ಣ ಭೂತಗನ್ನಡಿ ಕೊಟ್ಟು ಹರಳಿನ ಒಳಗೆ ನೋಡಿಸಿದಳು. ಎರಡನೆಯದರಲ್ಲಿ ಗರಿಯಂಥ ಸೀಳು, ಪಕ್ಕದಲ್ಲಿ ಕರಿ ಚುಕ್ಕೆಗಳು. ಒಳಗಿನ ಈ ಕಲೆಗಳನ್ನು ಎಣಿಸಿ ಕೊಡುವ ದರ್ಜೆಗೆ ಕ್ಲಾರಿಟಿ ಎನ್ನುತ್ತಾರೆ. ಭೂತಗನ್ನಡಿಯಲ್ಲೂ ಹುಡುಕಿ ನೋಡಿದರಷ್ಟೇ ಸಿಗುವ ಕಲೆಗೆ ಚಿಂತೆಯಿಲ್ಲ, ಬರಿಗಣ್ಣಿಗೆ ಕಂಡರೆ ಬಿಡಬೇಕು ಎಂದಳು. ಸೀಳು ಅಂಚಿಗೆ ಬಂದಿದ್ದರೆ ಪೆಟ್ಟು ಬಿದ್ದಾಗ ಒಡೆಯಲೂಬಹುದು. ಇದನ್ನು ಧನಲಕ್ಷ್ಮಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅಂಚಿಗೆ ಬಂದ ಗೆರೆಯ ಕಲ್ಲನ್ನು ಲಾರಿಗೆ ಏರಿಸುವಾಗಲೇ ಎರಡಾದದ್ದನ್ನು ಅವಳು ನೂರು ಸಲ ನೋಡಿದ್ದಳು.

"ತೂಕ?"

"ನೂರು ಸೆಂಟಿಗೆ ಒಂದು ಕ್ಯಾರೆಟ್ ರೀ. ಜನಾ ಅದೊಂದೇ ಕೇಳ್ತಾರ. ಆದ್ರ ಎಲ್ಲಕ್ಕಿಂತ ಮುಖ್ಯ ಕಟ್." ಸ್ವರೂಪಾ ಕಾಗದದ ಮೇಲೆ ಪೆನ್ನಿನಿಂದ ಎರಡು ಆಕಾರ ಬರೆದಳು. ಒಂದು ಅಳತೆ ಸರಿಯಿದ್ದದ್ದು, ಇನ್ನೊಂದು ಹೊಟ್ಟೆ ಉಬ್ಬಿ ಕೆಳಗೆ ಇಳಿದದ್ದು. "ಬೆಳಕು ಮ್ಯಾಲಿಂದ ಒಳಗ ಹೋಗಿ, ತಿರುಗಿ ಮ್ಯಾಲಕ್ಕೇ ಬರಬೇಕು. ಕೊಯ್ಯೋರು ತೂಕ ಹೋಗಬಾರ್ದಂತ ಹೊಟ್ಟಿ ದಪ್ಪ ಬಿಟ್ರ ಬೆಳಕು ಕೆಳಗ ಸೋರಿ ಹೋಗ್ತದ. ಹರಳು ಸತ್ತಂಗ ಕಾಣ್ತದ. ತೂಕಕ್ಕ ಮಾತ್ರ ರೊಕ್ಕ ಕೊಟ್ಟಂಗಾಗ್ತದ."

"ನಮ್ಮ ಖಣಿಯವ್ರೂ ಹಂಗೇ ಮಾಡ್ತಾರ" ಎಂದಳು ಧನಲಕ್ಷ್ಮಿ. "ಒಂದು ಕಡಿ ದಪ್ಪ ಬಿಟ್ಟು ಲಾರಿ ತೂಕ ಹೆಚ್ಚು ಮಾಡ್ತಾರ."

ಕೊನೆಗೆ ಸ್ವರೂಪಾ ಲ್ಯಾಬಿನ ಕಾಗದ ತೋರಿಸಿದಳು. ಇಷ್ಟೂ ಅದರಲ್ಲಿ ಬರೆದಿರುತ್ತದೆ, ಭೂಮಿಯಿಂದ ತೆಗೆದ ಹರಳೋ ಯಂತ್ರದಲ್ಲಿ ಬೆಳೆಸಿದ್ದೋ ಎಂಬುದೂ ಇರುತ್ತದೆ. ಕಾಗದದ ನಂಬರನ್ನೇ ಹರಳಿನ ನಡುವಿನ ಅಂಚಿನ ಮೇಲೆ ಕೊರೆದಿರುತ್ತಾರೆ, ಎರಡೂ ತಾಳೆಯಾಗಬೇಕು.

"ಇದನ್ನ ಓದ್ತಾರೇನು ಜನಾ?"

"ಡಬ್ಬಿಗೆ ಹಾಕಿ ಕೊಡ್ತೀವ್ರಿ. ಯಾರೂ ತೆರಿಯಂಗಿಲ್ಲ."

ಖರೀದಿಯ ದಿನ ಶಿವಾಜಿ ಬರಲಿಲ್ಲ. ಅಂಗಡಿಗೆ ಔಷಧ ತಪಾಸಣೆಯವರು ಬರುವವರಿದ್ದರು. ಕೌಶಲ್ಯಾ ನಾರಾಯಣಖೇಡದಿಂದ ಬಂದಳು, ಧನಲಕ್ಷ್ಮಿ ಮತ್ತು ಮನೀಷಾ ತಾಂಡೂರಿನಿಂದ ಬಂದರು. ಈಶಪ್ಪ ಅವರಿಗಿಂತ ಮೊದಲೇ ಮೇಲಿನ ಸೋಫಾದ ಮೇಲೆ ಕುಳಿತು ಎರಡನೆಯ ಚಹಾ ಮುಗಿಸಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

ಸ್ವರೂಪಾ ಧನಲಕ್ಷ್ಮಿಯನ್ನು ಗುರುತಿಸಿದಳು, ಆದರೆ ಏನೂ ಹೇಳದೆ ಉಂಗುರಗಳ ತಟ್ಟೆ ತಂದಿಟ್ಟಳು. ಈಶಪ್ಪ ಒಂದನ್ನು ಎತ್ತಿ ಬಾಯಿಯಿಂದ ಉಸಿರು ಬಿಟ್ಟ. ಮಂಜು ಕೂಡಲೇ ಆರಿತು.

"ನೋಡಿದಿ ಕೌಸಲ್ಯಾ? ಅಸಲಿ."

"ಕೌಂಟರಿನ್ಯಾಗ ಇದ್ದದ್ದೆಲ್ಲಾ ಅಸಲಿನೇ ಅವ ರೀ" ಎಂದಳು ಸ್ವರೂಪಾ ಮೆಲ್ಲಗೆ. "ಉಸಿರು ಬಿಟ್ರ ಗಾಜು ಹೌದೋ ಅಲ್ಲೋ ಅಷ್ಟೇ ತಿಳಿತದ."

ಈಶಪ್ಪ ಅವಳ ಕಡೆ ನೋಡಲೂ ಇಲ್ಲ. ಒಂದು ಗ್ಲಾಸು ನೀರು ತರಿಸಿದ. ಉಂಗುರವನ್ನು ನೀರಿಗೆ ಬಿಟ್ಟು, ಕಣ್ಣು ಚಿಕ್ಕದು ಮಾಡಿ, ಬಗ್ಗಿ ನೋಡಿ, ಹ್ಞೂಂ ಎಂದ. ಯಾವುದಕ್ಕೆ ಹ್ಞೂಂ ಎಂದದ್ದು ಎಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ಆಮೇಲೆ ಹರಳನ್ನು ತಲೆಗೂದಲಿಗೆ ತಿಕ್ಕಿದ, ಕಿವಿಯ ಹತ್ತಿರ ಹಿಡಿದ. ಕೌಶಲ್ಯಾ ಕೈ ಜೋಡಿಸಿಕೊಂಡು ಕುಳಿತಿದ್ದಳು, ವೈದ್ಯರು ನಾಡಿ ನೋಡುವಾಗ ಕುಳಿತ ಹಾಗೆ.

ಸ್ವರೂಪಾ ಅರ್ಧ ಕ್ಯಾರೆಟ್ಟಿನ ಒಂದು ಉಂಗುರ ಮುಂದಿಟ್ಟಳು. ಬಿಳಿ ಹರಳು, ಒಳ್ಳೆಯ ಕಟ್. ಧನಲಕ್ಷ್ಮಿ ತೆಗೆದಿಟ್ಟಿದ್ದ ದುಡ್ಡಿಗೆ ಅದು ಸರಿಯಾಗಿ ಕೂಡುತ್ತಿತ್ತು. ಈಶಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಮತ್ತೆ ಕೆಳಗಿಟ್ಟ.

"ಇದೇನು ಸಕ್ಕರಿ ಹರಳು. ದೊಡ್ಡದು ತಗೀರಿ."

ದೊಡ್ಡದು ಬಂತು. ಎಪ್ಪತ್ತು ಸೆಂಟು. ಹಳದಿ ಬಂಗಾರದಲ್ಲಿ ಕೂತಿದ್ದರಿಂದ ಹರಳಿನ ಬಣ್ಣ ಎದ್ದು ಕಾಣಲಿಲ್ಲ, ಮೇಲಿನ ದೀಪಗಳ ಕೆಳಗೆ ಅದೂ ಹೊಳೆಯಿತು. ಧನಲಕ್ಷ್ಮಿ ಒಂದೇ ನೋಟಕ್ಕೆ ಅದರ ನಡುವೆ ಬೆಳಕು ತಿರುಗಿ ಬರದೆ ಬಿದ್ದ ಕಪ್ಪು ಕಂಡಳು. ಅಂಚಿನಲ್ಲಿದ್ದ ಸೀಳೂ ಬರಿಗಣ್ಣಿಗೆ ಕಾಣುತ್ತಿತ್ತು.

"ಅಣ್ಣಾರ" ಎಂದಳು, "ಒಮ್ಮೆ ಬಾಗಲಾ ಹೊರಗ ಒಯ್ದು ಬಿಸಲಾಗ ನೋಡ್ರಿ."

ಈಶಪ್ಪ ಸೋಫಾದಲ್ಲಿ ಹಿಂದಕ್ಕೆ ಒರಗಿದ. ಪಕ್ಕದ ಕೌಂಟರಿನಲ್ಲಿ ಕುಳಿತಿದ್ದ ಗಿರಾಕಿಗಳಿಗೂ ಕೇಳುವಂತೆ ಹೇಳಿದ:

"ಅಕ್ಕಾರ, ನೀವು ಹುಟ್ಟಿದಾಗಿಂದ ಫರ್ಸಿ ಧೂಳಿನ್ಯಾಗ ಇದ್ದೀರಿ. ತಪ್ಪಿಲ್ಲ, ಹೊಟ್ಟಿಪಾಡು. ಆದ್ರ ಹೀರಾ ತಿಳ್ಕೊಳಾಕ ಬ್ಯಾರೇ ಕಣ್ಣು ಬೇಕಾಗ್ತದ. ಅದು ಎಲ್ಲರಿಗೂ ಇರಂಗಿಲ್ಲ."

ಧನಲಕ್ಷ್ಮಿ ಸುಮ್ಮನಾದಳು. ಅವಮಾನಕ್ಕೆ ಬಾಯಿ ಕಟ್ಟಿತೆಂದು ಕೌಶಲ್ಯಾ ತಿಳಿದು ತಲೆ ತಗ್ಗಿಸಿದಳು. ಆದರೆ ಧನಲಕ್ಷ್ಮಿಗೆ ಆ ಗಳಿಗೆಯಲ್ಲಿ ಸಿಟ್ಟೇನೂ ಇರಲಿಲ್ಲ. ಅಂಗಳಕ್ಕೆ ಬಂದು ಎಲ್ಲಾ ಒಂದೇ ಅಲ್ಲೇನಮ್ಮಾ ಎನ್ನುವವರನ್ನು ನೋಡುವಂತೆ ಅವಳು ಈಶಪ್ಪನನ್ನು ನೋಡುತ್ತಿದ್ದಳು. ಅವನು ತಾನಾಗಿಯೇ ಮೂರನೇ ಒಟ್ಟಿಲಿಗೆ ನಡೆದು ಹೋಗಿ ಕೈಯಿಟ್ಟಿದ್ದ. ತಡೆಯುವ ಮನಸ್ಸು ಅವಳಿಗೆ ಬರಲಿಲ್ಲ.

ಸ್ವರೂಪಾ ತನ್ನ ಕೆಲಸ ತಾನು ಮಾಡಿದಳು. ಕಾಗದ ತೆಗೆದು ಓದಿದಳು: "ಕಲರ್ ಕ್ಯೂ-ಆರ್ ರೀ. ಕ್ಲಾರಿಟಿ ಐ-ಟೂ. ಕಟ್ ಫೇರ್."

"ಫೇರ್ ಅಂದ್ರ ಏನಣ್ಣಾ?" ಎಂದಳು ಕೌಶಲ್ಯಾ.

"ಫೇರ್ ಅಂದ್ರ ಬೆಳ್ಳಗ, ಚಂದ. ಫೇರ್ ಆಂಡ್ ಲವ್ಲಿ ಕೇಳಿಲ್ಲೇನು?" ಎಂದು ಸ್ವರೂಪಾಳ ಕಡೆ ತಿರುಗಿದ. "ಕಾಗದ ಇಟ್ಗೋ ತಂಗಿ. ಕಾಗದ ಓದಿ ಹೀರಾ ತಗೊಳ್ಳಾವ ಹೀರಾ ಮುಟ್ಟಬಾರ್ದು."

ಸ್ವರೂಪಾ ಧನಲಕ್ಷ್ಮಿಯ ಕಡೆ ನೋಡಿದಳು. ಧನಲಕ್ಷ್ಮಿ ಗೋಡೆಯ ಮೇಲಿನ ಮದುಮಗಳ ಚಿತ್ರ ನೋಡುತ್ತಿದ್ದಳು. ಆರಿಸಿದವರು ಸಹಿ ಮಾಡಬೇಕೆಂದು ಸ್ವರೂಪಾ ಒಂದು ಚೀಟಿ ಮುಂದಿಟ್ಟಳು. ಹರಳಿನ ವಿವರ ಅದರಲ್ಲೂ ಇತ್ತು. ಈಶಪ್ಪ ಜೇಬಿನ ಎರಡು ಪೆನ್ನುಗಳಲ್ಲಿ ದಪ್ಪನೆಯದನ್ನು ತೆಗೆದು ಚೀಟಿಯ ಅರ್ಧ ಜಾಗ ಹಿಡಿಯುವಷ್ಟು ದೊಡ್ಡ ಸಹಿ ಹಾಕಿದ.

ದೊಡ್ಡ ಹರಳಿನ ಉಂಗುರ ಸಣ್ಣದಕ್ಕಿಂತ ಬಹಳ ಅಗ್ಗವಾಗಿ ಬಂದಾಗ ಈಶಪ್ಪನ ಎದೆ ಇನ್ನಷ್ಟು ಉಬ್ಬಿತು. ತನ್ನ ಮುಖ ನೋಡಿ ಬಿಟ್ಟುಕೊಟ್ಟಿದ್ದಾರೆಂದು ತಂಗಿಗೆ ಹೇಳಿದ. ಅಗ್ಗ ಯಾಕಾಯಿತೆಂಬ ಪ್ರಶ್ನೆ ಅವನ ಹತ್ತಿರವೂ ಸುಳಿಯಲಿಲ್ಲ. ಉಳಿದ ದುಡ್ಡಿನಲ್ಲಿ ಧನಲಕ್ಷ್ಮಿ ಮಗಳಿಗೆ ಒಂದು ಮೂಗುಬೊಟ್ಟು ಆರಿಸಿದಳು. ಹತ್ತು ಸೆಂಟಿನ ಹರಳು. ಅದನ್ನು ಕಿಟಕಿಗೆ ಒಯ್ದು, ಭೂತಗನ್ನಡಿ ಹಿಡಿದು, ಕಾಗದದ ನಂಬರು ತಾಳೆ ನೋಡಿ, ಅರ್ಧ ಗಂಟೆ ತೆಗೆದುಕೊಂಡಳು.

"ಸಾಸಿವಿ ಕಾಳಿಗೆ ಇಷ್ಟೊತ್ತೇನ್ರಿ" ಎಂದು ಈಶಪ್ಪ ಗಡಿಯಾರ ನೋಡಿದ.

ತಿರುಗಿ ಹೋಗುವ ಬಸ್ಸು ಕೊಹೀರ್ ದಾಟಿತು. ಮನೀಷಾ ತಾಯಿಗೆ ಹೇಳಿದಳು: "ಅವ್ವಾ, ಆ ಉಂಗುರ ಕೆಟ್ಟದದ ಅಂತ ನಿನಗ ಗೊತ್ತಿತ್ತು."

"ಹೊರಗ ಒಯ್ದು ನೋಡ್ರಿ ಅಂತ ಹೇಳಿದ್ನಲ್ಲ."

"ಒಮ್ಮೆ ಹೇಳಿದಿ. ಖಣಿಯವ್ರು ಒಂದು ಚಪ್ಪಡಿ ಕೆಟ್ಟದ್ದು ಹಾಕಿದ್ರ ಹತ್ತು ಸಲ ಫೋನ್ ಹಚ್ಚಿ ಬೈತಿ."

"ಅವ ಆಡಿದ ಮಾತು ಕೇಳಿದಿಲ್ಲೋ? ಅಂಥಾವಗ ಹತ್ತು ಸಲ ಯಾಕ ಹೇಳ್ಲಿ? ಬೇಕಾದ್ದು ತಗೊಂಡ. ಇಟ್ಗೊಳ್ಳಿ."

"ಅದನ್ನ ಇಟ್ಗೊಳ್ಳಾವ ಅವ ಅಲ್ಲ. ಬೆರಳಿಗೆ ಹಾಕ್ಕೊಳ್ಳಾವ ಶಿವಾಜಿ."

ಧನಲಕ್ಷ್ಮಿ ಕಿಟಕಿಯ ಕಡೆ ತಿರುಗಿದಳು. ನಿಜ ಹೇಳಬೇಕೆಂದರೆ, ಅಂಗಡಿಯಲ್ಲಿ ಕುಳಿತಷ್ಟು ಹೊತ್ತೂ ಅವಳ ಕಣ್ಣ ಮುಂದೆ ಈಶಪ್ಪನ ಬೆರಳಷ್ಟೇ ಇತ್ತು. ಶಿವಾಜಿಯ ನೆನಪು ಒಮ್ಮೆಯೂ ಬಂದಿರಲಿಲ್ಲ. ಆದರೆ ಅದನ್ನು ಮಗಳ ಎದುರು ಒಪ್ಪಿಕೊಳ್ಳುವಷ್ಟು ಅವಳು ಮೆತ್ತಗಿನವಳಲ್ಲ. "ನಿಶ್ಚಯ ಮುಗೀಲಿ, ಬದಲಿ ಮಾಡಿಸಿದ್ರಾತು" ಎಂದಳು.

ಮನೀಷಾ ಮನೆಗೆ ಹೋದವಳೇ ಶಿವಾಜಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವನು ಎಲ್ಲ ಕೇಳಿ ಸ್ವಲ್ಪ ಹೊತ್ತು ನಕ್ಕ.

"ನನಗ ಉಂಗುರದ್ದೇನಿಲ್ಲ. ನಮ್ಮವ್ವಗ ಮಾಮಾನ ಮಾತೇ ವೇದ. ಈಗ ಹೇಳಿದ್ರ ಅಕಿ ನಿಮ್ಮ ಮ್ಯಾಲೇ ಸಿಟ್ಟಾಗ್ತಾಳ. ಸುಮ್ಮನಿರು, ಆ ದಿನ ಮುಗೀಲಿ."

ಆ ದಿನ ಹಾಗೆ ಮುಗಿಯಲಿಲ್ಲ.

ನಿಶ್ಚಿತಾರ್ಥ ನಾರಾಯಣಖೇಡದಲ್ಲಿ, ಕೌಶಲ್ಯಾಳ ಮನೆಯ ಮುಂದಿನ ಬಯಲಿನಲ್ಲಿ ನಡೆಯಿತು. ಮೇಲೆ ಶಾಮಿಯಾನ ಹಾಕಿದ್ದರೂ ಪೂರ್ವದ ಕಡೆ ತೆರೆದಿತ್ತು, ಹನ್ನೊಂದು ಗಂಟೆಯ ಬಿಸಿಲು ನೇರವಾಗಿ ಚಾಪೆಯ ಮೇಲೆ ಬೀಳುತ್ತಿತ್ತು. ತುಳಸಿರಾಮ ಅಳಿಯನಾಗುವವನ ಬೆರಳಿಗೆ ಉಂಗುರ ಹಾಕಿದ. ಈಶಪ್ಪ ಅಷ್ಟಕ್ಕೆ ಬಿಡಲಿಲ್ಲ. ಶಿವಾಜಿಯ ಮುಂಗೈ ಹಿಡಿದು ಹೆಂಗಸರ ಸಾಲು, ಗಂಡಸರ ಸಾಲು ಎಲ್ಲ ಕಡೆ ತಿರುಗಿಸಿ ತೋರಿಸಿದ.

"ಎಪ್ಪತ್ತು ಸೆಂಟು. ನಾನೇ ನಿಂತು ಆರಿಸೀನಿ."

ಮೊದಲ ಸಾಲಿನಲ್ಲಿ ಕಲ್ಹೇರಿನಿಂದ ಬಂದಿದ್ದ ಚಂದ್ರಾಬಾಯಿ ಕುಳಿತಿದ್ದಳು. ಕೌಶಲ್ಯಾಳ ಗಂಡನ ಕಡೆಯ ಹಿರಿಯಳು, ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು, ಈಗ ಎಲ್ಲವನ್ನೂ ಹತ್ತಿರದಿಂದ ನೋಡುವ ಹುರುಪು ಅವಳಿಗೆ. ಶಿವಾಜಿಯ ಬೆರಳು ಎಳೆದುಕೊಂಡು ಬಿಸಿಲಿಗೆ ಹಿಡಿದಳು.

"ಪುಷ್ಯರಾಗ ಏನೋ ಇದು? ಹುಡುಗನ ಜಾತಕದಾಗ ಗುರು ಕೆಟ್ಟಾನೇನು?"

"ಪುಷ್ಯರಾಗ ಅಲ್ಲಬೇ, ಹೀರಾ ಅದು" ಎಂದ ಈಶಪ್ಪ.

"ಹೀರಾ ಬೆಳ್ಳಗಿರ್ತದಪ್ಪಾ. ಇದು ಹಳದಿ ಅದ. ಒಳಗ ಬಿರುಕೂ ಬಿಟ್ಟದ. ಬಿರುಕು ಬಿಟ್ಟಿದ್ದು ಹಾಕಬಾರ್ದು, ದೋಷ ಹೆಚ್ಚಾಗ್ತದ."

ಗ್ರಹದ ಮಾತು ಹೆಂಗಸರ ಸಾಲಿನಲ್ಲಿ ಹರಿಯಲು ಹೊತ್ತು ಹಿಡಿಯಲಿಲ್ಲ. ಹುಡುಗನ ಜಾತಕದಲ್ಲಿ ಏನೋ ಇದೆಯಂತೆ, ಮುಚ್ಚಿಟ್ಟಿದ್ದಾರಂತೆ ಎಂಬಲ್ಲಿಗೆ ಅದು ಮೂರನೇ ಸಾಲು ಮುಟ್ಟುವಷ್ಟರಲ್ಲಿ ಬಂದಿತ್ತು. ಕೌಶಲ್ಯಾಳ ಮುಖ ಬಿಳಿಚಿತು. ಈಶಪ್ಪ ಹರಳನ್ನು ಈಗ ಮೊದಲ ಸಲ ಬಿಸಿಲಿನಲ್ಲಿ ನೋಡಿದ. ಅದು ಹೌದೋ ಅಲ್ಲವೋ ಎನ್ನುವ ಹಳದಿಯಾಗಿರಲಿಲ್ಲ. ನೋಡಿದವನು, ತಾನು ಆರಿಸಿದ್ದೆಂಬ ನೆನಪು ಒಂದಿಷ್ಟೂ ಇಲ್ಲದವನಂತೆ ತುಳಸಿರಾಮನ ಕಡೆ ತಿರುಗಿದ.

"ಏನ್ರಿ ಬೀಗ್ರ, ಹರಳು ಬದಲಿ ಮಾಡಿದ್ರೇನು? ನಾ ಆರಿಸಿದ್ದು ಇದಲ್ಲ. ಕಲ್ಲಿನ ವ್ಯಾಪಾರದವ್ರು ನೀವು, ಕಲ್ಲು ಬದಲಿ ಮಾಡೋದು ನಿಮಗ ಹೊಸದಲ್ಲ."

ತುಳಸಿರಾಮ ಎದ್ದು ನಿಂತ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. ಧನಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಶಿವಾಜಿ ಉಂಗುರದ ಡಬ್ಬಿ ಎತ್ತಿಕೊಂಡು, ಅದರ ತಳದಲ್ಲಿ ಮಡಿಸಿಟ್ಟಿದ್ದ ಕಾಗದ, ಚೀಟಿ ಎರಡನ್ನೂ ತೆಗೆದ.

"ಮಾಮಾ, ಕೂಡ್ರಿ" ಎಂದ. ಔಷಧದ ಚೀಟಿ ಓದುವ ದನಿಯಲ್ಲೇ ಓದಿದ. "ಎಪ್ಪತ್ತು ಸೆಂಟು. ಕಲರ್ ಕ್ಯೂ-ಆರ್. ಅಂದ್ರ ಹಳದಿ. ಕ್ಲಾರಿಟಿ ಐ-ಟೂ. ಅಂದ್ರ ಬಿರುಕು ಬರಿಗಣ್ಣಿಗೆ ಕಾಣ್ತದ. ಕಟ್ ಫೇರ್. ಅಂದ್ರ ಕೆಳಗಿಂದ ಎರಡನೇ ದರ್ಜೆ. ಇದು ಆರಿಸಿದವ್ರ ಚೀಟಿ. ಇದರಾಗೂ ಅದೇ ಬರದಾರ, ನಂಬರೂ ಅದೇ ಅದ. ಕೆಳಗ ಸಹಿ ನಿಮ್ಮದು."

ಅವನು ಚೀಟಿಯನ್ನು ಮಾಮಾನಿಗೆ ಕೊಡಲಿಲ್ಲ, ಚಂದ್ರಾಬಾಯಿಯ ಕೈಗೆ ಕೊಟ್ಟ. ಅವಳಿಗೆ ಓದು ಬಾರದಿದ್ದರೂ ಸಹಿಯ ಗಾತ್ರ ನೋಡಿದಳು.

"ಸಹಿ ಮಾತ್ರ ದೊಡ್ಡದದ" ಎಂದಳು.

ಯಾರೋ ಹಿಂದೆ ನಕ್ಕರು. ಆಮೇಲೆ ನಗು ತಡೆಯಲಾಗಲಿಲ್ಲ. ಈಶಪ್ಪ ಕಾಗದದ ಲ್ಯಾಬೇ ನಕಲಿ ಎಂದ. ಸೂರತ್ತಿನಲ್ಲಿ ರಾಜಮನೆತನದವರು ಹಳದಿಯನ್ನೇ ಕೇಳುತ್ತಾರೆ ಎಂದ. ಅಂಗಡಿಯ ಹುಡುಗಿ ಕಣ್ಣು ಕಟ್ಟಿದಳು ಎಂದ. ಮೂರೂ ಒಟ್ಟಿಗೆ ನಿಜವಾಗುವುದು ಸಾಧ್ಯವಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ನಾಲ್ಕನೆಯದು ಹುಡುಕುತ್ತಿದ್ದಾಗ ಕೌಶಲ್ಯಾ ಹೇಳಿದಳು:

"ಅಣ್ಣಾ, ಬೀಗ್ರಿಗೆ ಕಳ್ಳ ಅಂದಿಯಲ್ಲ, ಅದಕ್ಕ ಮೊದ್ಲು ತಪ್ಪಾತು ಅನ್ನು."

ಈಶಪ್ಪ ತಂಗಿಯನ್ನು ನೋಡಿದ. ಅವಳು ಅವನಿಗೆ ಹೀಗೆ ಮಾಡು ಎಂದು ಹೇಳಿದ್ದು ಇದೇ ಮೊದಲು. ಅವನು ತಪ್ಪಾಯಿತು ಎನ್ನಲಿಲ್ಲ. ಚಪ್ಪಲಿ ಮೆಟ್ಟಿ, ಮೋಟಾರು ಸೈಕಲ್ ಹತ್ತಿ, ಊಟ ಮಾಡದೆ ಜಹೀರಾಬಾದಿಗೆ ಹೊರಟುಹೋದ.

ಧನಲಕ್ಷ್ಮಿಯ ಎದೆಯಲ್ಲಿ ಅಷ್ಟು ಹೊತ್ತು ಇದ್ದದ್ದು ಸುಖ. ಅವಳು ಅದನ್ನು ಮುಚ್ಚಿಡಲೂ ಇಲ್ಲ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವ ನೆಪ ಮಾಡಿ ನಗುತ್ತಿದ್ದಳು. ಆಗ ಕೌಶಲ್ಯಾ ಅವಳ ಮುಂದೆ ಬಂದು ಕುಳಿತಳು. ಅವಳ ಕಣ್ಣು ತುಂಬಿತ್ತು.

"ಅಕ್ಕಾ, ನಿಮಗ ಗೊತ್ತಿತ್ತೇನ್ರಿ? ಅಂಗಡಿಯಾಗ?"

ಇಲ್ಲ ಎನ್ನುವುದು ಸುಲಭವಿತ್ತು. ಮನೀಷಾ ಅಲ್ಲೇ ನಿಂತಿದ್ದಳು.

"ಗೊತ್ತಿತ್ತ್ರಿ" ಎಂದಳು ಧನಲಕ್ಷ್ಮಿ. "ನಿಮ್ಮ ಅಣ್ಣ ಆಡಿದ್ದಕ್ಕ ಸುಮ್ಮನಾದೆ. ಅವರು ಬೀಳಲಿ ಅಂತ ನೋಡಿದೆ. ನೀವೂ ಜೋಡಿ ಬೀಳ್ತೀರಿ ಅಂತ ತಲಿಗೆ ಬರ್ಲಿಲ್ಲ."

ಕೌಶಲ್ಯಾ ಕಣ್ಣು ಒರೆಸಿಕೊಂಡಳು. ಆಮೇಲೆ, "ನೀವು ಹೇಳಿದ್ರೂ ನಾ ಅವನ ಮಾತೇ ನಂಬತಿದ್ದೆ ಬಿಡ್ರಿ" ಎಂದು ಎದ್ದು ಊಟಕ್ಕೆ ಎಲೆ ಹಾಕಿಸಲು ಹೋದಳು. ಧನಲಕ್ಷ್ಮಿ ಹೋಳಿಗೆಯನ್ನು ಅರ್ಧಕ್ಕೇ ಎಲೆಯಲ್ಲಿ ಬಿಟ್ಟಳು. ಸುಖ ಅಷ್ಟು ಬೇಗ ಆರಿದ್ದಕ್ಕೂ ಅವಳಿಗೆ ಈಶಪ್ಪನ ಮೇಲೆಯೇ ಸಿಟ್ಟು ಬಂತು.

ಮುಂದಿನ ವಾರ ಇಬ್ಬರು ಬೀಗತಿಯರೂ ಶಿವಾಜಿಯೂ ಕೂಡಿ ಜಹೀರಾಬಾದಿಗೆ ಹೋಗಿ ಉಂಗುರ ಮರಳಿಸಿದರು. ಅಂಗಡಿಯವರು ಸ್ವಲ್ಪ ದುಡ್ಡು ಮುರಿದುಕೊಂಡು ವಾಪಸು ತೆಗೆದುಕೊಂಡರು. ಸ್ವರೂಪಾ ಅರ್ಧ ಕ್ಯಾರೆಟ್ಟಿನದನ್ನು ಮತ್ತೆ ತೋರಿಸಿದಳು. ಶಿವಾಜಿ ಬೇಡವೆಂದ. ದಿನವಿಡೀ ಸ್ಯಾನಿಟೈಜರ್ ಹಚ್ಚಿ ಡಬ್ಬಿ ತೆಗೆಯುವ ಕೈಗೆ ಹರಳು ಬೇಡ, ಬಳೆಯಂಥ ನುಣ್ಣನೆಯ ಬಂಗಾರದ ಉಂಗುರ ಸಾಕು ಎಂದ. ಕೌಶಲ್ಯಾ ಅವನಿಗೇ ಆರಿಸಿಕೊಳ್ಳಲು ಬಿಟ್ಟಳು.

ಮದುವೆಗೆ ಸೋದರಮಾವ ಇಲ್ಲದೆ ನಡೆಯದು. ಕೌಶಲ್ಯಾ ಎರಡು ಸಲ ಕರೆದರೂ ಈಶಪ್ಪ ಬರುವುದಿಲ್ಲ ಎಂದ. ಕೊನೆಗೆ ಧನಲಕ್ಷ್ಮಿಯೇ ಕುಂಕುಮ, ಲಗ್ನಪತ್ರಿಕೆ ಹಿಡಿದು ಅವನ ಮನೆಗೆ ಹೋದಳು. ತಪ್ಪಾಯಿತು ಎನ್ನಲು ಹೋಗಿರಲಿಲ್ಲ. ಕೌಶಲ್ಯಾ ಮತ್ತೆ ಅಳಬಾರದೆಂದು ಹೋಗಿದ್ದಳು, ಅಷ್ಟೇ. ಈಶಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ.

"ಬರ್ತೀನಿ. ಆದ್ರ ನನಗ ಮಂಟಪದ ಎದುರಿಗೆ ಮೊದಲನೇ ಕುರ್ಚಿ ಇರಬೇಕು. ತಲಿಗೆ ಸುತ್ತೋ ರುಮಾಲು ರೇಶಿಮಿದು ಇರಬೇಕು, ನಕಲಿ ನಡಿಯಂಗಿಲ್ಲ. ನನಗ ತಿಳಿತದ, ನಾ ಸೂರತ್ತಿನ್ಯಾಗ ಸೀರಿ ಲೈನಿನ್ಯಾಗ ಇದ್ದಾವ."

"ಆತ್ರಿ" ಎಂದಳು ಧನಲಕ್ಷ್ಮಿ. "ರುಮಾಲು ನೀವೇ ಬಂದು ಆರಿಸ್ರಿ. ಅಂಗಡಿಯವ ಲೇಬಲ್ ಓದಿ ಹೇಳ್ತಾನ, ಕೌಸಲ್ಯಾ ಅಕ್ಕನೂ ಇರ್ತಾರ."

ಈಶಪ್ಪ ಲಗ್ನಪತ್ರಿಕೆ ತೆಗೆದುಕೊಂಡು ತನ್ನ ಹೆಸರು ಯಾವ ಸಾಲಿನಲ್ಲಿ ಅಚ್ಚಾಗಿದೆ ಎಂದು ನೋಡತೊಡಗಿದ. ಧನಲಕ್ಷ್ಮಿ ತಾಂಡೂರಿನ ಬಸ್ಸು ಹಿಡಿಯಲು ರಸ್ತೆಗೆ ಇಳಿದಳು.